ತಳಕ್ಕಿಳಿಯದ ಬೆಳ್ಳಿ

ಆ ಬಾಟಲಿಯನ್ನು ನೋಡಲು ಬೇರೆ ವಿಭಾಗದವರೂ ಬರುತ್ತಿದ್ದರು. ನೋಡುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ಗೇಣುದ್ದದ ಗಾಜಿನ ಬಾಟಲಿ, ಒಳಗೆ ಕಂದು ನೀರು, ಮೈಮೇಲೆ ಒಂದು ಚೀಟಿ. ಒಂದೆಲಗದ ಎಲೆಯ ಸಾರದಿಂದ ಹುಟ್ಟಿದ ಬೆಳ್ಳಿಯ ಕಣಗಳು ಆ ನೀರಿನಲ್ಲಿದ್ದವು. ಒಂದು ಕೂದಲಿನ ದಪ್ಪವನ್ನು ಸಾವಿರಾರು ಪಾಲು ಮಾಡಿದರೆ ಅದರಲ್ಲಿ ಒಂದು ಪಾಲಿನಷ್ಟು ಗಾತ್ರ. ಇಂಥ ಕಣಗಳು ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ಒಂದಕ್ಕೊಂದು ಅಂಟಿಕೊಂಡು, ಭಾರವಾಗಿ, ಕಪ್ಪು ಗಸಿಯಾಗಿ ತಳ ಸೇರುತ್ತವೆ. ಇವು ಸೇರಿರಲಿಲ್ಲ. ವರ್ಷ ಕಳೆದರೂ ನೀರಿನಲ್ಲಿ ಹರಡಿಕೊಂಡು, ತಳದ ಗೊಡವೆಯೇ ಇಲ್ಲದೆ ನಿಂತಿದ್ದವು.

ಬಾಟಲಿಯ ಒಡತಿ ಸಸ್ಯಶಾಸ್ತ್ರದ ಪ್ರೊಫೆಸರ್. ಎಲ್ಲರ ಬಾಯಲ್ಲೂ ಅವರು ಬೆಳ್ಳಿ ಮೇಡಂ. ಕೆಲಸ ಬೆಳ್ಳಿಯದು, ತಲೆಗೂದಲೂ ಬೆಳ್ಳಿಯದು. ಬೆರಳುಗಳು ಮಾತ್ರ ಕಪ್ಪು. ಬೆಳ್ಳಿಯ ಲವಣ ಕರಗಿಸಿದ ನೀರು ಚರ್ಮಕ್ಕೆ ತಗುಲಿದರೆ ಬೆಳಕಿಗೆ ಕಪ್ಪಾಗುತ್ತದೆ, ಯಾವ ಸೋಪಿಗೂ ಜಗ್ಗುವುದಿಲ್ಲ. ಕನ್ನಡಕದ ಅಂಗಡಿ ಇಟ್ಟಿದ್ದ ಅವರ ಗಂಡ ಗಿರಾಕಿಗಳಿಗೆ, "ನಮ್ಮ ಮನೆಯವರು ದಿನಾ ಬೆಳ್ಳಿ ಮಾಡ್ತಾರೆ, ಮನೆಗೆ ತರೋದು ಮಾತ್ರ ಮಸಿ" ಎಂದು ಹೇಳಿ ತಾವೇ ಮೊದಲು ನಗುತ್ತಿದ್ದರು. ಮೇಡಂ ಅವರ ಅಕ್ಕನಂತೂ ಫೋನು ಮಾಡಿದಾಗಲೆಲ್ಲ, "ನ್ಯಾನೋ ನ್ಯಾನೋ ಅಂತೀಯಲ್ಲೇ, ನಾನೋ ನೀನೋ ಅಂತ ಜಗಳಕ್ಕೆ ನಿಂತ ಹಾಗಿದೆ. ಹೋಗ್ಲಿ, ನನ್ನ ಕೆಮ್ಮಿಗೆ ಏನಾದ್ರೂ ಆಗತ್ತಾ?" ಎಂದು ಕೇಳುತ್ತಿದ್ದಳು. ಎಷ್ಟೋ ವರ್ಷಗಳಿಂದ ಅದೇ ಪ್ರಶ್ನೆ, ಅದೇ ಕೆಮ್ಮು.

ಮೊದಲು ಮೇಡಂ ಹುಲ್ಲಿನವರಾಗಿದ್ದರು. ಹುಲ್ಲಿನ ತೆನೆಯೊಂದನ್ನು ಸೂಜಿಯಿಂದ ಬಿಡಿಸಿ, ಲೆನ್ಸಿನಡಿ ಇಟ್ಟು, ಇದು ಯಾವ ಜಾತಿ ಎಂದು ಹೇಳುವುದಕ್ಕೆ ತಿಂಗಳುಗಟ್ಟಲೆ ತೆಗೆದುಕೊಳ್ಳುತ್ತಿದ್ದರು. ಹುಲ್ಲಿಗೆ ಅನುದಾನ ಕೊಡುವವರು ಒಬ್ಬೊಬ್ಬರಾಗಿ ಇಲ್ಲವಾದರು. ಅರ್ಜಿಯ ಹಣೆಯ ಮೇಲೆ 'ನ್ಯಾನೋ' ಎಂದು ಬರೆದವರಿಗೆ ಬಾಗಿಲು ತೆರೆಯುತ್ತಿತ್ತು. ಮೇಡಂ ಬರೆದರು. ತೆರೆಯಿತು. ಆಮೇಲಿನದು ಅಡುಗೆಯಷ್ಟೇ ಸರಾಗ. ಔಷಧಿ ಗಿಡವೊಂದನ್ನು ಆರಿಸುವುದು, ಎಲೆಯನ್ನು ನೆರಳಿನಲ್ಲಿ ಒಣಗಿಸಿ ಪುಡಿ ಮಾಡುವುದು, ಬಟ್ಟಿ ಇಳಿಸಿದ ನೀರಿನಲ್ಲಿ ಕುದಿಸುವುದು, ಸೋಸುವುದು, ಬೆಳ್ಳಿಯ ನೀರಿಗೆ ಹನಿಹನಿಯಾಗಿ ಬೆರೆಸುವುದು. ನೀರು ಕಂದಾದರೆ ಕಣ ಹುಟ್ಟಿತು. ರೋಗಾಣು ಬೆಳೆಸಿದ ತಟ್ಟೆಗೆ ಒಂದು ಹನಿ ಹಾಕಿ, ಸುತ್ತ ರೋಗಾಣು ಸತ್ತ ಉಂಗುರ ಕಂಡರೆ ಒಂದು ಪ್ರಬಂಧ. ಮುಂದಿನ ಗಿಡ, ಮುಂದಿನ ಪ್ರಬಂಧ.

ಹುಲ್ಲಿನ ಕಾಲದ ಒಂದೇ ಒಂದು ಅಭ್ಯಾಸ ಅವರಲ್ಲಿ ಉಳಿದಿತ್ತು. ಸಸ್ಯಶಾಸ್ತ್ರದವರು ತಾವು ಮುಟ್ಟಿದ ಪ್ರತಿ ಗಿಡದ ಒಂದು ತುಂಡನ್ನಾದರೂ ಒತ್ತಿ ಒಣಗಿಸಿ ಇಟ್ಟುಕೊಳ್ಳುತ್ತಾರೆ. ಪುಡಿ ಮಾಡಿ ಕುದಿಸಿದ ಎಲೆಯನ್ನು ಒತ್ತುವುದು ಹೇಗೆ? ಮೇಡಂ ಸೋಸಿದ ಚರಟವನ್ನೇ ಸೋಸುಕಾಗದದ ಸಮೇತ ಒಣಗಿಸಿ, ಲಕೋಟೆಗೆ ಹಾಕಿ, ತಾರೀಕು ಬರೆದು ಬೀರುವಿನಲ್ಲಿ ಸೇರಿಸುತ್ತಿದ್ದರು. ಪಕ್ಕದ ಕೋಣೆಯ ರಸಾಯನಶಾಸ್ತ್ರದ ಪ್ರೊಫೆಸರರಿಗೆ ಅದೊಂದು ತಮಾಷೆ. ಹಗಲಿಡೀ ಆಮ್ಲಗಳ ಜೊತೆ ಇರುವುದರಿಂದಲೂ ಮುಖಭಾವದಿಂದಲೂ ಅವರಿಗೆ ಹುಳಿ ಮೇಷ್ಟ್ರು ಎಂದು ಹೆಸರು ಬಿದ್ದಿತ್ತು. "ನಾವು ಚರಟ ಚೆಲ್ತೀವಿ ಕಣ್ರೀ, ನೀವು ಅದಕ್ಕೆ ಸಮಾಧಿ ಕಟ್ತೀರಿ" ಎನ್ನುತ್ತಿದ್ದರು.

ಮೇಡಂ ಅವರ ಹತ್ತಿರ ಡಾಕ್ಟರೇಟಿಗೆ ಕೆಲಸ ಮಾಡುತ್ತಿದ್ದವಳು ಒಬ್ಬಳು ಗೃಹಿಣಿ. ಮದುವೆಯಾಗಿ, ಒಂದು ಹೆಣ್ಣುಮಗು ಹೆತ್ತು, ಆಮೇಲೆ ಓದಿಗೆ ಮರಳಿದ್ದಳು. ಅವಳ ಗಂಡ ದರ್ಜಿ. ಮನೆಯಲ್ಲೇ ಹೊಲಿಯುತ್ತ ಮಗುವನ್ನೂ ಒಲೆಯನ್ನೂ ನೋಡಿಕೊಳ್ಳುತ್ತಿದ್ದ. ಯಾರ ದನಿಯನ್ನು ಒಮ್ಮೆ ಕೇಳಿದರೂ ಹಾಗೆ ಹಾಗೆಯೇ ಆಡಿ ತೋರಿಸುತ್ತಿದ್ದ ಅವಳನ್ನು ಎಲ್ಲರೂ ಗಿಣಿ ಎಂದು ಕರೆಯುತ್ತಿದ್ದರು. ಎಲೆಕ್ಟ್ರಾನ್ ಮೈಕ್ರೋಸ್ಕೋಪಿನ ಆಪರೇಟರು ಮೂಗಿನಲ್ಲೇ "ಮಿಷನ್ನು ಇವತ್ತು ಮೂಡಲ್ಲಿಲ್ಲ ಮೇಡಂ, ನಾಳೆ ಬನ್ನಿ" ಎನ್ನುವುದನ್ನು ಅವಳು ಆಡಿ ತೋರಿಸಿದಾಗ, ಆಪರೇಟರೇ ಒಮ್ಮೆ ಬಾಗಿಲ ಆಚೆ ನಿಂತು ಕೇಳಿ, ತಾನು ಆಗಲೇ ಒಳಗಿದ್ದೇನೆ ಎಂದುಕೊಂಡು ವಾಪಸು ಹೋದನೆಂದು ವಿಭಾಗದಲ್ಲಿ ಹೇಳಿಕೊಳ್ಳುತ್ತಿದ್ದರು.

ಗಿಣಿಯ ಮಹಾಪ್ರಬಂಧ ನಿಂತಿದ್ದು ಆ ಬಾಟಲಿಯ ಮೇಲೆ. ಒಂದೆಲಗದ ಕಣಗಳ ಕುರಿತ ಲೇಖನ ಅವಳ ಹೆಸರು ಮುಂದಿಟ್ಟುಕೊಂಡು ಅಚ್ಚಾಗಿತ್ತು. ಅಚ್ಚಾದ ಒಂದು ಲೇಖನವಿಲ್ಲದೆ ಮಹಾಪ್ರಬಂಧ ಸಲ್ಲಿಸುವಂತಿಲ್ಲ ಎಂಬುದು ವಿಶ್ವವಿದ್ಯಾಲಯದ ನಿಯಮ, ಮತ್ತು ಅವಳ ಬಳಿ ಇದ್ದದ್ದು ಅದೊಂದೇ. ಸೋಮವಾರ ಸಲ್ಲಿಕೆಗೆ ಮುಂಚಿನ ಸೆಮಿನಾರು. ಅದು ದಾಟಿದರೆ ಡಿಗ್ರಿ ಬಂದ ಹಾಗೆಯೇ. ಡಿಗ್ರಿ ಬಂದರೆ ಹತ್ತಿರದ ಕಾಲೇಜೊಂದರಲ್ಲಿ ಉಪನ್ಯಾಸಕಿಯ ಹುದ್ದೆ. ಕಾಲೇಜಿನವರು ವರ್ಷದ ಕೊನೆಯವರೆಗೆ ಕಾಯುತ್ತೇವೆ ಎಂದಿದ್ದರು.

ಒಂದೇ ಒಂದು ತೊಡಕು. ಬಾಟಲಿಯಲ್ಲಿ ಆದದ್ದು ಮತ್ತೆ ಆಗುತ್ತಿರಲಿಲ್ಲ.

ಗಿಣಿ ಅದೇ ಎಲೆ, ಅದೇ ನೀರು, ಅದೇ ಅಳತೆ ಹಾಕಿ ಕುದಿಸುತ್ತಿದ್ದಳು. ನೀರು ಕಂದಾಗುತ್ತಿತ್ತು, ಬಣ್ಣ ಅಳೆಯುವ ಯಂತ್ರದ ಗೆರೆ ಎಲ್ಲಿ ಏಳಬೇಕೋ ಅಲ್ಲೇ ಏಳುತ್ತಿತ್ತು. ಎರಡು ದಿನ ಬಿಟ್ಟು ನೋಡಿದರೆ ತಳದಲ್ಲಿ ಕಪ್ಪು ಗಸಿ. ಪುಡಿ ಬದಲಾಯಿಸಿದಳು. ಬೆಳ್ಳಿಯ ಹೊಸ ಡಬ್ಬಿ ಒಡೆದಳು. ಗಾಜಿನ ಪಾತ್ರೆಗಳನ್ನು ಹುಳಿ ಮೇಷ್ಟ್ರ ಆಮ್ಲದಲ್ಲಿ ತೊಳೆದಳು. ಮತ್ತೆ ಗಸಿ. ಆ ಬಾಟಲಿಯ ಸಾರ ತಯಾರಿಸಿದ ದಿನ ಮಗಳಿಗೆ ಜ್ವರ ಬಂದು ಅವಳು ರಜೆಯಲ್ಲಿದ್ದಳು. ಕುದಿಸಿ ಸೋಸಿದ್ದು ಮೇಡಂ.

"ಕೈಗುಣ ಕಣಮ್ಮ" ಎಂದರು ಹುಳಿ ಮೇಷ್ಟ್ರು. "ಕೆಲವರ ಕೈಯಲ್ಲಿ ಸಾರು, ಕೆಲವರ ಕೈಯಲ್ಲಿ ಸಾರ."

"ಹಾಗಾದ್ರೆ ಸರ್, ವಿಧಾನ ಅನ್ನೋ ಅಧ್ಯಾಯದಲ್ಲಿ ಏನ್ ಬರೀಲಿ? ಮೇಡಂ ಕೈ, ಎರಡು, ಅಂತ ಬರೀಲಾ?"

ಕೈಗುಣ ಎಂಬ ಮಾತು ಮೇಡಂ ಅವರಿಗೆ ಮೊದಲ ವಾರ ಸ್ವಲ್ಪ ಖುಷಿ ಕೊಟ್ಟಿತ್ತು. ಆಮೇಲೆ ಚುಚ್ಚತೊಡಗಿತು. ಒಬ್ಬರ ಕೈಯಲ್ಲಿ ಮಾತ್ರ ಆಗುವುದು ಜಾದೂ, ವಿಜ್ಞಾನವಲ್ಲ ಎಂದು ಪ್ರತಿ ವರ್ಷ ಮೊದಲ ತರಗತಿಯಲ್ಲಿ ಪಾಠ ಮಾಡುತ್ತಿದ್ದವರು ಅವರೇ.

ಗುರುವಾರ ಮೇಡಂ ಕೋಣೆಯಲ್ಲಿ ಸೆಮಿನಾರಿನ ತಾಲೀಮು ನಡೆಯಿತು. ಹುಳಿ ಮೇಷ್ಟ್ರು ಪ್ರೇಕ್ಷಕರು. ಮಾತು ಮುಗಿಸಿದ ಗಿಣಿ, "ಈಗ ಪಾತ್ರ ಬದಲು. ನೀವು ನಾನು, ನಾನು ಹೊರಗಿನಿಂದ ಬರೋ ಪರೀಕ್ಷಕರು" ಎಂದು ಮೇಡಂ ಅವರನ್ನು ಹಲಗೆಯ ಮುಂದೆ ನಿಲ್ಲಿಸಿ, ತಾನು ಅವರ ಕುರ್ಚಿಯಲ್ಲಿ ಕೂತಳು. ಆ ಪರೀಕ್ಷಕರ ಭಾಷಣವನ್ನು ಅವಳು ಒಮ್ಮೆ ಕೇಳಿದ್ದಳು. ಅವಳ ಕನ್ನಡಕ ಮೂಗಿನ ತುದಿಗೆ ಜಾರಿತು. ಕುತ್ತಿಗೆ ಹೆಗಲೊಳಗೆ ಇಳಿಯಿತು. ದನಿ ಎಲ್ಲೋ ಬಾವಿಯಿಂದ ಸೇದಿದ ಹಾಗೆ ಮೇಲೆ ಬಂತು.

"ಅಂದ್ರೇ... ಅಮ್ಮಾ... ತಾವು ಒಂದೆಲಗಾನೇ ಯಾಕೆ ಆರಿಸ್ಕೊಂಡ್ರಿ, ಅಂತ."

ಹುಳಿ ಮೇಷ್ಟ್ರು ಹೊಟ್ಟೆ ಹಿಡಿದುಕೊಂಡರು. ಮೇಡಂ ನಗು ತಡೆದುಕೊಂಡು, "ಸರ್, ಗಾಯ ಮಾಗಿಸೋ ಗಿಡ ಇದು. ಜ್ಞಾಪಕಶಕ್ತಿಗೂ ಒಳ್ಳೇದು ಅಂತ..." ಎಂದರು.

"ಅಂದ್ರೇ... ರೋಗಾಣು ಕೊಂದಿದ್ದು ಯಾರು? ಬೆಳ್ಳಿ. ಬೆಳ್ಳಿಗೆ ತಾನು ಯಾವ ಗಿಡದ ಜೊತೆ ಕುದ್ದೆ ಅನ್ನೋದು ಜ್ಞಾಪಕ ಇರತ್ತಾ, ಅಂತ. ಬೇಲಿ ಸೊಪ್ಪು ಹಾಕಿದ್ರೆ ಆಗ್ತಿರಲಿಲ್ವಾ, ಅಂತ. ತಾವು ಹಾಕಿ ನೋಡಿದೀರಾ, ಅಂತ."

ಹುಳಿ ಮೇಷ್ಟ್ರ ನಗು ಎಲ್ಲೋ ಅರ್ಧಕ್ಕೆ ನಿಂತಿತು. ಬೇಲಿ ಸೊಪ್ಪನ್ನು ಮೇಡಂ ಹಾಕಿ ನೋಡಿರಲಿಲ್ಲ. ಅವರಿಗೆ ಗೊತ್ತಿದ್ದ ಯಾರೂ ಹಾಕಿರಲಿಲ್ಲ. ಬೇಲಿ ಸೊಪ್ಪಿಗೆ ಯಾರು ಅನುದಾನ ಕೊಡುತ್ತಾರೆ?

ಗಿಣಿ ಕನ್ನಡಕ ತೆಗೆದು ತನ್ನ ದನಿಗೆ ಮರಳಿದಳು. "ಹೇಳಿ ಮೇಡಂ. ಹೀಗೆ ಕೇಳಿದ್ರೆ ಏನ್ ಹೇಳ್ಲಿ?"

"ಬಾಟಲಿ ತೋರ್ಸು. ಬೇರೆ ಯಾವ ಗಿಡದ್ದೂ ಇಷ್ಟು ದಿನ ನಿಂತಿಲ್ಲ ಅನ್ನು."

"ಇನ್ನೊಂದ್ಸಲ ಮಾಡಿ ತೋರ್ಸಿ ಅಂದ್ರೆ?"

ಹುಳಿ ಮೇಷ್ಟ್ರು ಎದ್ದು, ಕ್ಲಾಸಿದೆ ಎಂದು ಹೊರಟರು. ಅವರಿಗೆ ಗುರುವಾರ ಮಧ್ಯಾಹ್ನ ಕ್ಲಾಸಿರುವುದಿಲ್ಲ.

ಮರುದಿನ ಬೆಳಿಗ್ಗೆ ಮೇಡಂ ಬೇಗ ಬಂದರು. ಪುಡಿ, ನೀರು, ಬೆಳ್ಳಿ, ಪಾತ್ರೆ ಎಲ್ಲವನ್ನೂ ಪರೀಕ್ಷಿಸಿ ಆಗಿತ್ತು. ಆ ದಿನದ್ದು ಎಂದು ಪ್ರಪಂಚದಲ್ಲಿ ಬಾಟಲಿಯನ್ನು ಬಿಟ್ಟರೆ ಉಳಿದಿದ್ದ ವಸ್ತು ಇನ್ನೊಂದೇ. ಬೀರು ತೆಗೆದು, ಆ ತಾರೀಕಿನ ಲಕೋಟೆಯನ್ನು ಹುಡುಕಿ ಹೊರಗೆಳೆದರು. ಪಕ್ಕದಲ್ಲಿ ಗಿಣಿಯ ಹೊಸ ಚರಟದ ಲಕೋಟೆಯೊಂದನ್ನು ಇಟ್ಟುಕೊಂಡರು. ಬರಿಗಣ್ಣಿಗೆ ಎರಡೂ ಒಂದೇ: ಹಸಿರು ಕಂದಿದ ಪುಡಿ, ಕಾಗದಕ್ಕೆ ಅಂಟಿದ್ದು.

ಮೂಲೆಯಲ್ಲಿ ಹಳೆಯ ಮೈಕ್ರೋಸ್ಕೋಪು ಬಟ್ಟೆ ಹೊದ್ದು ಕೂತಿತ್ತು. ಈಗಿನ ಕಣಗಳು ಅದರ ಕಣ್ಣಿಗೆ ಬೀಳುವಷ್ಟು ದೊಡ್ಡವಲ್ಲವಾದ್ದರಿಂದ ಅದನ್ನು ಯಾರೂ ಕೇಳುತ್ತಿರಲಿಲ್ಲ. ಮೇಡಂ ಬಟ್ಟೆ ತೆಗೆದರು. ಗಿಣಿಯ ಚರಟದ ಚಿಟಿಕೆಯನ್ನು ಗಾಜಿನ ಪಟ್ಟಿಯ ಮೇಲಿಟ್ಟು, ಬಣ್ಣ ತಿಳಿಯಾಗಿಸುವ ದ್ರಾವಣ ಬಿಟ್ಟು, ಕಾದು, ನೋಡಿದರು. ಒಂದೆಲಗ. ತೆಳು ಗೋಡೆಯ, ಅಲೆ ಅಂಚಿನ ಕೋಶಗಳು. ಚಕ್ರ ತಿರುಗಿಸುವ ಕೈ ಹಳೆಯ ವೇಗವನ್ನು ತಾನೇ ನೆನಪಿಸಿಕೊಂಡಿತು. ಬಹಳ ದಿನದ ಮೇಲೆ ತವರಿಗೆ ಬಂದವಳಂತೆ ಮೇಡಂ ಒಂದು ಕ್ಷಣ ಸುಮ್ಮನೆ ನೋಡುತ್ತ ಉಳಿದರು.

ಆಮೇಲೆ ಆ ದಿನದ ಚರಟ.

ಮೊದಲು ಏನೋ ಕಸವಿರಬೇಕು ಎಂದುಕೊಂಡರು. ಪಟ್ಟಿ ಸರಿಸಿದರು. ಅಲ್ಲೂ ಇತ್ತು. ಎಲ್ಲೆಲ್ಲೂ ಇತ್ತು: ಮೃದು ಕೋಶಗಳ ನಡುವೆ ದಪ್ಪ ಗೋಡೆಯ, ಕಲ್ಲಿನಂಥ ಕೋಶಗಳು, ಜಿಂಕೆಯ ಕೊಂಬಿನ ಹಾಗೆ ಕವಲೊಡೆದು, ಎಲೆಯೊಳಗೆ ಮೂಳೆ ಇಟ್ಟ ಹಾಗೆ. ಒಂದೆಲಗದಲ್ಲಿ ಇವು ಇರುವುದಿಲ್ಲ. ಇವು ಎಲ್ಲಿರುತ್ತವೆ ಎಂಬುದಕ್ಕೆ ಮೇಡಂ ಪುಸ್ತಕ ತೆಗೆಯಬೇಕಾಗಿರಲಿಲ್ಲ. ಚಹಾಪುಡಿಯ ಕಲಬೆರಕೆ ಪತ್ತೆ ಮಾಡುವುದು ಹೇಗೆ ಎಂಬ ಪ್ರಾಯೋಗಿಕ ತರಗತಿಯನ್ನು ಅವರು ವರ್ಷಗಟ್ಟಲೆ ನಡೆಸಿದ್ದರು. 'ಕೊಂಬಿನ ಕೋಶ ಕಂಡರೆ ಅಸಲಿ ಚಹಾ, ಕಾಣದಿದ್ದರೆ ಅಂಗಡಿಯವನಿಗೆ ವಾಪಸು' ಎಂದು ಹಲಗೆಯ ಮೇಲೆ ಬರೆಸುತ್ತಿದ್ದರು.

ಇದು ಅಸಲಿ ಚಹಾ.

ಕುರ್ಚಿಗೆ ಒರಗಿದಾಗ ಆ ದಿನ ತಾನಾಗಿ ಬಿಚ್ಚಿಕೊಂಡಿತು. ಹುಳಿ ಮೇಷ್ಟ್ರ ಕೋಣೆಯ ಹಾಟ್‌ಪ್ಲೇಟು ಸುಟ್ಟುಹೋಗಿತ್ತು. ಡಾಕ್ಟರು ಅವರಿಗೆ ಹಾಲು ಸಕ್ಕರೆ ಬಿಡಿಸಿ, ಹಸಿರು ಚಹಾ ಕುಡಿಯಲು ಹೇಳಿದ್ದರು. 'ಇಲ್ಲಿ ತಿನ್ನಬಾರದು, ಕುಡಿಯಬಾರದು' ಎಂಬ ಫಲಕದ ಮೊಳೆಗೆ ಚೀಲ ನೇತುಹಾಕಿ, ಮೇಷ್ಟ್ರು ತಮ್ಮ ಚಹಾವನ್ನು ಇಲ್ಲಿಯೇ ಬೀಕರಿನಲ್ಲಿ ಕುದಿಯಲಿಟ್ಟಿದ್ದರು. ಪಕ್ಕದಲ್ಲಿ ಒಂದೆಲಗದ ಬೀಕರು. ಎರಡರ ಬಾಯಿಗೂ ಅಲ್ಯೂಮಿನಿಯಂ ಹಾಳೆ, ಎರಡರಲ್ಲೂ ಹಸಿರು ಪುಡಿ, ಹಳದಿ ನೀರು. ಅಷ್ಟರಲ್ಲಿ ಅಕ್ಕನ ಫೋನು. ಅವಳ ಬಚ್ಚಲಿನ ನಲ್ಲಿ ಸೋರುತ್ತಿತ್ತು. ನಲ್ಲಿ ರಿಪೇರಿಯವನು ಬಂದು ಇನ್ನೂ ಹೆಚ್ಚು ಸೋರುವ ಹಾಗೆ ಮಾಡಿ ಹೋಗಿದ್ದ. ಅಕ್ಕ ಅವನನ್ನು ಬೈದು ಮುಗಿಸುವಷ್ಟರಲ್ಲಿ ಇತ್ತ ಮೇಡಂ, ಫೋನನ್ನು ಹೆಗಲಿಗೂ ಕೆನ್ನೆಗೂ ಸಿಕ್ಕಿಸಿಕೊಂಡೇ, ಸೋಸುವ ಕೆಲಸವನ್ನೂ ಮುಗಿಸಿದ್ದರು.

ಹಾಗಾದರೆ ಒಂದೆಲಗ ಎಲ್ಲಿ ಹೋಯಿತು? ಮೇಡಂ ಎದ್ದು ಪಕ್ಕದ ಕೋಣೆಗೆ ಹೋದರು.

"ಮೇಷ್ಟ್ರೇ, ಹೋದ ವರ್ಷ ನಮ್ಮ ಕೋಣೇಲಿ ಗ್ರೀನ್ ಟೀ ಕಾಸ್ಕೊಂಡಿದ್ರಲ್ಲ, ನಿಮ್ಮ ಹಾಟ್‌ಪ್ಲೇಟ್ ಸುಟ್ಟಾಗ. ಹೇಗಿತ್ತು?"

"ಅಯ್ಯೋ, ಅದನ್ಯಾಕೆ ಕೇಳ್ತೀರಿ!" ಹುಳಿ ಮೇಷ್ಟ್ರ ಮುಖ ಅರಳಿತು. "ಜೀವಮಾನದಲ್ಲಿ ಕುಡಿಯೋ ಹಾಗಿದ್ದ ಗ್ರೀನ್ ಟೀ ಅಂದ್ರೆ ಅವತ್ತಿನದೊಂದೇ. ಒಗರಿಲ್ಲ, ಕಹಿ ಇಲ್ಲ, ಸೊಪ್ಪಿನ ಘಮ. ಆಮೇಲೆ ಎಷ್ಟು ಸಲ ಮಾಡಿದ್ರೂ ಆ ರುಚಿ ಬರ್ಲೇ ಇಲ್ಲ ಕಣ್ರೀ. ಪುಡಿ ಬದಲಾಯಿಸಿದೆ, ನೀರು ಬದಲಾಯಿಸಿದೆ. ಅಂಗಡಿಯವನ ಜೊತೆ ಜಗಳಾನೂ ಆಯ್ತು."

ಮೇಡಂ ಅವರಿಗೆ ನಗು ಬಂತು. ನಗು ಬಂದದ್ದಕ್ಕೆ ಗಾಬರಿಯಾಯಿತು. ಮೇಷ್ಟ್ರ ಸ್ಟೂಲಿನ ಮೇಲೆ ಕೂತು ಎಲ್ಲವನ್ನೂ ಹೇಳಿದರು. ಮೇಷ್ಟ್ರು ಕೇಳುತ್ತ ಕೇಳುತ್ತ ಒಮ್ಮೆ ತಮ್ಮ ಹೊಟ್ಟೆಯ ಮೇಲೆ ಕೈಯಿಟ್ಟು ನೋಡಿಕೊಂಡರು.

"ಜ್ಞಾಪಕಶಕ್ತಿ ಗಿಡ ಅಂತೀರಿ, ಕುಡಿದಿದ್ದೇ ನನಗೆ ಗೊತ್ತಾಗಿಲ್ಲ ನೋಡಿ" ಎಂದರು. ಆಮೇಲೆ ಬಾಗಿಲು ಮುಂದೆ ಮಾಡಿ ದನಿ ತಗ್ಗಿಸಿದರು. "ಈಗ ಯಾರಿಗೆ ಗೊತ್ತು ಇದು?"

"ನನಗೆ. ಈಗ ನಿಮಗೆ."

"ಅಷ್ಟೇ ಇರ್ಲಿ. ಎಲೆ ಎಲೇನೇ ರೀ. ಕಣ ಬಂತಾ? ಬಂತು. ರೋಗಾಣು ಸತ್ತವಾ? ಸತ್ತವು. ಆ ಹುಡುಗಿ ತಪ್ಪು ಮಾಡಿದ್ಲಾ? ಇಲ್ಲ. ಡಿಗ್ರಿ ತಗೊಂಡು ಪಾಠ ಹೇಳ್ಕೊಂಡು ಇರ್ತಾಳೆ. ಯಾರೋ ಮುಂದೆ ಒಂದೆಲಗ ಕುದಿಸ್ತಾರೆ, ಗಸಿ ಬರತ್ತೆ, ತಮ್ಮ ಕೈಗುಣ ಸರಿಯಿಲ್ಲ ಅಂದ್ಕೋತಾರೆ. ಲೋಕ ಮುಳುಗಲ್ಲ."

ಅವರು ಹೇಳಿದ್ದು ಕೆಟ್ಟ ಮನಸ್ಸಿನಿಂದಲ್ಲ. ಅದೇ ಕಷ್ಟವಾಗಿತ್ತು. ಸತ್ಯ ಹೇಳಿದರೆ ಲೇಖನವನ್ನು ಹಿಂತೆಗೆದುಕೊಳ್ಳಬೇಕು. ಲೇಖನ ಹೋದರೆ ಗಿಣಿ ಸಲ್ಲಿಸುವಂತಿಲ್ಲ, ಕಾಲೇಜು ಕಾಯುವುದಿಲ್ಲ. ತಪ್ಪು ಒಬ್ಬರದು, ದಂಡ ಇನ್ನೊಬ್ಬರಿಗೆ. ಬಾಯಿ ಮುಚ್ಚಿಕೊಂಡರೆ ಯಾರಿಗೂ ದಂಡವಿಲ್ಲ. ಆದರೆ ಒಂದು ಹುಲ್ಲಿನ ಹೆಸರನ್ನು ತಪ್ಪಾಗಿ ಬರೆಯಬಾರದೆಂದು ತಿಂಗಳುಗಟ್ಟಲೆ ಲೆನ್ಸಿಗೆ ಕಣ್ಣಿಟ್ಟವಳು ತಾನೇ ಅಲ್ಲವೇ? ಆ ಹೆಂಗಸು ಯಾವ ಗಿಡದ ಹೊತ್ತಿಗೆ ಎದ್ದು ಹೋದಳು? ಹೆಸರು ತಪ್ಪಿದ್ದರೂ ಫಲಿತಾಂಶ ಸರಿಯಾಗಿಯೇ ಬರುವ ಕೆಲಸವನ್ನು ಇಷ್ಟು ವರ್ಷ ಮಾಡಿದ್ದೇನೆ, ಅದು ತಿಳಿಯಲು ಒಂದು ಬೀಕರು ಅದಲುಬದಲಾಗಬೇಕಾಯಿತು ಎಂಬುದು ಅವರಿಗೆ ಬೀಕರು ಅದಲುಬದಲಾದದ್ದಕ್ಕಿಂತ ದೊಡ್ಡ ಅವಮಾನವಾಗಿ ಕಂಡಿತು.

ಅಂದೇ ಊಟದ ಹೊತ್ತಿನಲ್ಲಿ ಗಿಣಿಯನ್ನು ಮೈಕ್ರೋಸ್ಕೋಪಿನ ಮುಂದೆ ಕೂರಿಸಿ, ಏನೂ ಹೇಳದೆ ಎರಡು ಪಟ್ಟಿಗಳನ್ನೂ ತೋರಿಸಿದರು. ಗಿಣಿ ಮೊದಲನೆಯದನ್ನು ನೋಡಿ, "ನಮ್ಮದು" ಎಂದಳು. ಎರಡನೆಯದನ್ನು ಬಹಳ ಹೊತ್ತು ನೋಡಿದಳು. ಅವಳೂ ಆ ಪ್ರಾಯೋಗಿಕ ತರಗತಿಯಲ್ಲಿ ಓದಿದವಳೇ.

"ಚಹಾ" ಎಂದಳು. ಆಮೇಲೆ ತಾರೀಕು ನೋಡಿದಳು. ಆಮೇಲೆ ಬಾಟಲಿಯತ್ತ.

"ನನ್ನ ಕೈಯಲ್ಲಾಗಿದ್ದು ಕಣಮ್ಮ. ಫೋನಲ್ಲಿದ್ದೆ. ಮೇಷ್ಟ್ರ ಬೀಕರು ಸೋಸಿಬಿಟ್ಟೆ."

ಯಾರದಾದರೂ ದನಿ ಎತ್ತಿಕೊಂಡು ಏನಾದರೂ ಹೇಳಿಯಾಳು ಎಂದು ಮೇಡಂ ಕಾದರು. ಗಿಣಿ ಹೇಳಿದ್ದು ಸ್ವಂತ ದನಿಯಲ್ಲಿ.

"ಎಷ್ಟು ದಿನದಿಂದ ನನ್ನ ಕೈನ ನಾನೇ ಬೈಕೊಂಡಿದೀನಿ ಗೊತ್ತಾ ಮೇಡಂ? ಮನೇಲಿ ಅನ್ನ ಸೀದ್ರೂ, ನನ್ನ ಕೈಯೇ ಇಷ್ಟು ಅಂತ. ಬೆರಳಿನ ಗೆರೆ ಅಳಿಸೋ ಹಾಗೆ ಪಾತ್ರೆ ತೊಳೆದಿದೀನಿ. ನೀವು ಫೋನಲ್ಲಿದ್ರಿ."

"ಹೌದು."

"ಪುಡಿ ನೋಡ್ಲಿಲ್ವಾ? ಮೂಸಿ ನೋಡ್ಲಿಲ್ವಾ? ನಾನೇನಾದ್ರೂ ಹೀಗೆ ಮಾಡಿದ್ರೆ ಬಿಡ್ತಿದ್ರಾ ನೀವು?"

"ಬಿಡ್ತಿರಲಿಲ್ಲ."

"ಹೂಂ ಹೂಂ ಅನ್ಬೇಡಿ ಮೇಡಂ, ಏನಾದ್ರೂ ಜಗಳ ಆಡಿ!" ಗಿಣಿಯ ಕಣ್ಣು ತುಂಬಿತು. ಕೋಟಿನ ತೋಳಿನಿಂದ ಒರೆಸಿಕೊಂಡಳು. "ಮುಚ್ಚಿಟ್ರೆ ಏನಾಗತ್ತೆ?"

"ನಿನ್ನ ಡಿಗ್ರಿ ಆಗತ್ತೆ. ಮೇಷ್ಟ್ರು ಹಾಗೇ ಮಾಡಿ ಅಂದ್ರು."

"ನೀವು?"

"ಪತ್ರಿಕೆಗೆ ನಾನು ಬರೀತೀನಿ, ತಪ್ಪು ನನ್ನದು ಅಂತ. ಲೇಖನದಲ್ಲಿ ನನ್ನ ಹೆಸರೂ ಇದೆ, ಅದು ನಾನು ಮಾಡಲೇಬೇಕು. ಸೆಮಿನಾರ್ ಮುಂದೂಡಿ ಅಂತ ಬೇಕಾದ್ರೆ ಕೇಳ್ತೀನಿ. ನೀನು ಅಲ್ಲಿ ನಿಂತು ಹೇಳೋ ಅಗತ್ಯ ಇಲ್ಲ."

ಗಿಣಿ ಮತ್ತೆ ಮೈಕ್ರೋಸ್ಕೋಪಿಗೆ ಕಣ್ಣಿಟ್ಟಳು. ನೋಡುತ್ತಿದ್ದಳೋ, ಮುಖ ಮರೆಸುತ್ತಿದ್ದಳೋ. ಕೊನೆಗೆ ಅಲ್ಲಿಂದಲೇ ಕೇಳಿದಳು: "ಚಹಾ ನಿಲ್ಲತ್ತೆ, ಒಂದೆಲಗ ನಿಲ್ಲಲ್ಲ. ಯಾಕೆ ಮೇಡಂ?"

"ಗೊತ್ತಿಲ್ಲ."

"ಬೇಲಿ ಸೊಪ್ಪು?"

"ಗೊತ್ತಿಲ್ಲ ಕಣೇ."

"ಸೋಮವಾರದೊಳಗೆ ಅದಾದ್ರೂ ಗೊತ್ತಾಗತ್ತಲ್ಲ" ಎಂದು ಗಿಣಿ ಎದ್ದಳು. ಕೋಪ ಇಳಿದಿರಲಿಲ್ಲ, ಬಾಗಿಲನ್ನು ತಳ್ಳಿದ ಸದ್ದಿನಲ್ಲೇ ಇತ್ತು. ಆದರೆ ಹೋದದ್ದು ಮನೆಗಲ್ಲ. ಸ್ವಲ್ಪ ಹೊತ್ತಿನಲ್ಲಿ ಕೋಟಿನ ಜೇಬುಗಳ ತುಂಬ ಸೊಪ್ಪು ತುಂಬಿಕೊಂಡು ಬಂದಳು.

ಆ ಮಧ್ಯಾಹ್ನ ಅವರಿಬ್ಬರೂ ಕೈಗೆ ಸಿಕ್ಕಿದ್ದನ್ನೆಲ್ಲ ಕುದಿಸಿದರು. ಒಣಗಿಸಿ ಪುಡಿ ಮಾಡಲು ಹೊತ್ತಿರಲಿಲ್ಲ. ಹಸಿ ಎಲೆಯನ್ನೇ ಹೆಚ್ಚಿ ಹಾಕಿದರು, ಹೋಲಿಕೆಗೆ ಒಂದೆಲಗವನ್ನೂ ಹಾಗೆಯೇ. ಬೇಲಿಯ ಸೊಪ್ಪು, ಮೈದಾನದ ಹುಲ್ಲು, ಮಾರುಕಟ್ಟೆಯ ಪಾಲಕ್, ಮೇಡಂ ಮೇಜಿನ ಮೇಲಿನ ಕುಂಡದ ಗಿಡ, ಗಟಾರದ ಬದಿಯ ಕಳೆ, ಹುಳಿ ಮೇಷ್ಟ್ರ ಹಸಿರು ಚಹಾ. ಮೇಷ್ಟ್ರೂ ಕೋಟು ಹಾಕಿಕೊಂಡು ಬಂದು, ಬೆಳ್ಳಿಯ ನೀರು ಅಳೆದುಕೊಡತೊಡಗಿದರು. ಈ ಸಲ ಗಿಣಿ ಪ್ರತಿ ಬೀಕರಿನ ಕೊರಳಿಗೂ ದೊಡ್ಡ ಚೀಟಿ ಕಟ್ಟಿದಳು. ಸಂಜೆಯೊಳಗೆ ಸಾಲಾಗಿ ಎಲ್ಲವೂ ಕಂದಾದವು. ಔಷಧಿ ಗಿಡ, ಕಳೆ ಗಿಡ ಎಂಬ ಭೇದ ಬೆಳ್ಳಿಗೆ ಇರಲಿಲ್ಲ.

ಸೋಮವಾರ ಬೆಳಿಗ್ಗೆ ನೋಡಿದಾಗ ಭೇದ ಕಂಡಿತು, ಆದರೆ ಯಾರೂ ನಿರೀಕ್ಷಿಸಿದ ಕಡೆಯಲ್ಲಲ್ಲ. ಒಂದೆಲಗ ತಳ ಸೇರಿತ್ತು. ಪಾಲಕ್ ತಳ ಸೇರಿತ್ತು. ಬೇಲಿ ಸೊಪ್ಪು, ಗಟಾರದ ಕಳೆ, ಕುಂಡದ ಗಿಡ ಅರ್ಧ ದಾರಿಯಲ್ಲಿದ್ದವು. ಚಹಾ ನಿಂತಿತ್ತು. ಅದರ ಪಕ್ಕದಲ್ಲಿ, ಅಷ್ಟೇ ತಿಳಿಯಾಗಿ, ಹುಲ್ಲು ನಿಂತಿತ್ತು.

"ಹುಲ್ಲು ಪಾಸು, ಒಂದೆಲಗ ಫೇಲು" ಎಂದರು ಹುಳಿ ಮೇಷ್ಟ್ರು. ಮೇಡಂ ಆ ಬಾಟಲಿಯನ್ನು ಬೆಳಕಿಗೆ ಹಿಡಿದು, "ಯಾವ ಹುಲ್ಲು ಇದು? ಎಲ್ಲಿ ಕಿತ್ತೆ? ತೆನೆ ಇತ್ತಾ?" ಎಂದು ಒಂದೇ ಉಸಿರಿಗೆ ಕೇಳಿದರು. ಗಿಣಿ ಶುಕ್ರವಾರದಿಂದೀಚೆಗೆ ಮೊದಲ ಬಾರಿ ಅವರ ಮುಖವನ್ನು ನೇರವಾಗಿ ನೋಡಿದಳು.

ಸೆಮಿನಾರಿನಲ್ಲಿ ಪರೀಕ್ಷಕರು ಕುತ್ತಿಗೆಯನ್ನು ಹೆಗಲೊಳಗೆ ಇಳಿಸಿಕೊಂಡೇ ಕೂತಿದ್ದರು. ಗಿಣಿ ಮೊದಲ ಮೂರು ಅಧ್ಯಾಯಗಳನ್ನು ಹೇಳಿದಳು. ನಾಲ್ಕನೆಯದಕ್ಕೆ ಬಂದಾಗ ಮೇಡಂ ಎದ್ದು ಅವಳ ಪಕ್ಕದಲ್ಲಿ ನಿಂತು, ಬೀಕರು ಅದಲುಬದಲಾದದ್ದನ್ನು, ತಮ್ಮ ಕೈಯಿಂದ ಎಂಬುದನ್ನು, ಲೇಖನ ಹಿಂತೆಗೆದುಕೊಳ್ಳಲು ಪತ್ರ ಕಳಿಸಿದ್ದನ್ನು ಹೇಳಿ ಕೂತರು. ಸಭೆಯಲ್ಲಿ ಕುರ್ಚಿಗಳು ಕಿರುಗುಟ್ಟಿದವು. ಗಿಣಿ ಬಾಟಲಿಗಳನ್ನು ಮೇಜಿನ ಮೇಲೆ ಜೋಡಿಸಿ, ನಿಂತವು ಯಾವುವು, ತಳ ಸೇರಿದವು ಯಾವುವು ಎಂದು ತೋರಿಸಿದಳು. "ಔಷಧ ಗುಣಕ್ಕೂ ಇದಕ್ಕೂ ಸಂಬಂಧ ಕಾಣ್ತಿಲ್ಲ. ಎಲೆಯೊಳಗಿನ ಯಾವುದು ಕಣಗಳನ್ನ ಎತ್ತಿ ಹಿಡಿಯತ್ತೆ ಅನ್ನೋದು ನನಗೆ ಇನ್ನೂ ಗೊತ್ತಿಲ್ಲ. ಅದನ್ನ ಹುಡುಕಬೇಕು ಅಂತಿದೀನಿ" ಎಂದಳು.

ತಾಲೀಮಿನ ಪರೀಕ್ಷಕರು ಕೇಳಿದ ಪ್ರಶ್ನೆಯನ್ನು ಅಸಲಿ ಪರೀಕ್ಷಕರು ಕೇಳಲಿಲ್ಲ. ಅವರು ಎದ್ದು ಬಂದು ಹುಲ್ಲಿನ ಬಾಟಲಿಯನ್ನು ಕೈಗೆತ್ತಿಕೊಂಡು, ತಿರುಗಿಸಿ ತಿರುಗಿಸಿ ನೋಡಿದರು. ಅವರ ಶಿಷ್ಯರೂ ಇಂಥ ಗಿಡಗಳ ಮೇಲೆ ಸಾಕಷ್ಟು ಡಿಗ್ರಿ ಪಡೆದಿದ್ದರು. "ಅಂದ್ರೇ..." ಎಂದು ಶುರುಮಾಡಿ, ಬಾಟಲಿಯನ್ನು ಕೆಳಗಿಟ್ಟರು.

ಸಮಿತಿ ಒಳಗೆ ಕೂತು, ಹೊರಗೆ ಬಂದು ಹೇಳಿತು: ಈಗ ಸಲ್ಲಿಸುವಂತಿಲ್ಲ. ನಾಲ್ಕನೆಯ ಅಧ್ಯಾಯ ಹೊಸದಾಗಿ ಬರಬೇಕು, ಹೊಸ ಲೇಖನ ಅಚ್ಚಾಗಬೇಕು. ಒಂದು ವರ್ಷದ ಅವಧಿ ಕೊಟ್ಟಿದೆ.

ಗಿಣಿ ಕಾರಿಡಾರಿನ ಕಿಟಕಿಯ ಬಳಿ ನಿಂತು ಗಂಡನಿಗೆ ಫೋನು ಮಾಡಿದಳು. ಮೇಡಂ ಬಾಟಲಿಗಳ ತಟ್ಟೆ ಹಿಡಿದು ಸ್ವಲ್ಪ ದೂರದಲ್ಲಿ ನಿಂತರು. ಆಚೆ ಹೊಲಿಗೆ ಯಂತ್ರ ಓಡುತ್ತಿರುವುದು ಅಲ್ಲಿಯವರೆಗೂ ಕೇಳುತ್ತಿತ್ತು.

"ನಾನೇ. ಮುಗೀತು... ಇಲ್ಲ ರೀ, ಫೇಲ್ ಅಲ್ಲ... ಪಾಸೂ ಅಲ್ಲ... ಇಲ್ಲ, ಆ ಕಾಲೇಜು ಇನ್ನು ಕಾಯಲ್ಲ... ಹೇಗೆ ಅಂದ್ರೆ..." ಅವಳು ತಡೆದಳು. ತಿರುಗಿ, ಫೋನನ್ನು ಮೇಡಂ ಕಡೆಗೆ ಚಾಚಿದಳು. "ನೀವೇ ಹೇಳಿ. ಇದೊಂದು ನನ್ನ ಕೈಲಾಗಲ್ಲ."

ಮೇಡಂ ತಟ್ಟೆಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಫೋನು ತೆಗೆದುಕೊಂಡರು. ಈ ಸಲ ಹೆಗಲಿಗೆ ಸಿಕ್ಕಿಸಿಕೊಳ್ಳಲಿಲ್ಲ, ಎರಡು ಕೈಯಲ್ಲಿ ಹಿಡಿದುಕೊಂಡರು.

"ನಾನು ಅವಳ ಮೇಡಂ. ತಪ್ಪು ನನ್ನದು. ಒಂದೆಲಗ ಅಂದ್ಕೊಂಡು ಚಹಾ ಸೋಸಿಬಿಟ್ಟಿದ್ದೆ. ಅದರ ಮೇಲೆ ಅವಳು ಎಲ್ಲಾ ಕಟ್ಟಿದ್ದು. ಅವಳದ್ದೇನೂ ತಪ್ಪಿಲ್ಲ, ನೀವು ಅವಳಿಗೆ ಏನೂ ಅನ್ಬಾರ್ದು. ಇನ್ನೊಂದು ವರ್ಷ ಬೇಕಾಗತ್ತೆ."

ಆಚೆ ಹೊಲಿಗೆ ಯಂತ್ರ ನಿಂತಿತು. ಮಗು ಏನೋ ಕೇಳಿತು. ಅವನು, "ತಡಿ ಪುಟ್ಟಿ" ಎಂದ.

"ಮೇಡಂ, ಒಂದು ಮಾತು ಕೇಳ್ಲಾ? ಬೇಜಾರು ಮಾಡ್ಕೋಬೇಡಿ."

"ಕೇಳಿ."

"ಒಂದು ವರ್ಷ ಅಂದ್ರೆ ಎಂಥ ವರ್ಷ? ನಿಮ್ಮ ಯೂನಿವರ್ಸಿಟಿ ವರ್ಷನಾ, ನಮ್ಮನೆ ವರ್ಷನಾ? ಯಾಕಂದ್ರೆ ಹಿಂದೆ ಒಂದು ಸಲ ನೀವು ಒಂದು ವರ್ಷ ಅಂದಾಗ ಇವಳಿನ್ನೂ ನಡೀತಿರಲಿಲ್ಲ. ಈಗ ಸ್ಕೂಲಿಗೆ ಹೋಗ್ತಾಳೆ."

ಮೇಡಂ ಕಿಟಕಿಯ ಕಟ್ಟೆಯ ಮೇಲಿನ ಬಾಟಲಿಗಳನ್ನು ನೋಡಿದರು. ಹುಲ್ಲು ಇವತ್ತು ನಿಂತಿದೆ. ಮುಂದಿನ ವಾರ ನಿಂತಿರುತ್ತದೆ ಎಂದು ಹೇಳಲು ಅವರ ಬಳಿ ಏನೂ ಇರಲಿಲ್ಲ.

"ಗೊತ್ತಿಲ್ಲಪ್ಪ" ಎಂದರು. "ಗೊತ್ತಿದೆ ಅಂತ ಈಗ ಹೇಳಿದ್ರೆ ಮತ್ತೆ ಅದೇ ಆಗತ್ತೆ."

ಗಿಣಿ ಕಿಟಕಿಯ ಕಂಬಿಯನ್ನು ಹಿಡಿದು ನಿಂತಿದ್ದಳು. ಆಮೇಲೆ ಯಂತ್ರ ಮತ್ತೆ ಓಡತೊಡಗಿತು, ಮೊದಲು ನಿಧಾನವಾಗಿ.

"ಸರಿ, ಅವಳಿಗೆ ಕೊಡಿ" ಎಂದ. "ಬರ್ತಾ ಬಿಳಿ ದಾರ ತರೋದಿತ್ತು. ಹೇಳ್ಬೇಕು."